ಸಕ್ಕರೆಯ ಬೆಳಕು, ಚಾನ್ಸಲರನ ಕತ್ತಲು

ಫ್ರಾನ್ಸಿಸ್ ಬೇಕನ್ ನಮ್ಮಲ್ಲಿ ಅನೇಕರಿಗೆ ಪರಿಚಿತನಾಗಿರುವುದು ಪ್ರಬಂಧಕಾರನಾಗಿ. ಆಡಳಿತದಲ್ಲಿ ಬದುಕು ಸವೆಸಿದ ನನ್ನನ್ನು ಆತ ಕಾಡುವುದು ಬೇರೆ ಕಾರಣಕ್ಕೆ.

1561ರಲ್ಲಿ ಲಂಡನ್ನಿನಲ್ಲಿ ಜನಿಸಿದ ಬೇಕನ್, ರಾಣಿ ಎಲಿಜಬೆತ್‌ಳ ಉನ್ನತಾಧಿಕಾರಿಯೊಬ್ಬನ ಕಿರಿಯ ಮಗ. ಹನ್ನೆರಡನೆಯ ವಯಸ್ಸಿನಲ್ಲೇ ಕೇಂಬ್ರಿಜ್ ಸೇರಿದ. 1579ರಲ್ಲಿ ತಂದೆ ತೀರಿಕೊಂಡಾಗ ದೊರೆತ ಆಸ್ತಿ ಅಲ್ಪ; ಸಾಲ ಮಾತ್ರ ಬೆನ್ನು ಬಿಡಲಿಲ್ಲ. ವಕೀಲಿ ವೃತ್ತಿ ಮತ್ತು ಪಾರ್ಲಿಮೆಂಟಿನ ಮೂಲಕ ಮೇಲೇರಿ 1613ರಲ್ಲಿ ಅಟಾರ್ನಿ ಜನರಲ್, 1618ರಲ್ಲಿ ಲಾರ್ಡ್ ಚಾನ್ಸಲರ್ ಆದ.

1620ರಲ್ಲಿ 'ನೊವಮ್ ಆರ್ಗನಮ್' ಪ್ರಕಟವಾಯಿತು. ಶಾಖವೆಂದರೇನು ಎಂದು ತಿಳಿಯಲು, ಶಾಖವಿರುವ ಉದಾಹರಣೆಗಳಷ್ಟೇ ಸಾಲವು, ಅವನ್ನು ಹೋಲುತ್ತಿದ್ದೂ ಶಾಖವಿಲ್ಲದವುಗಳ ಪಟ್ಟಿಯೂ ಬೇಕೆಂಬುದು ಅದರಲ್ಲಿ ಆತನ ವಾದ. ಆ ಎರಡನೆಯ ಪಟ್ಟಿಯಲ್ಲಿದೆ ಸಕ್ಕರೆ: ಗಟ್ಟಿ ಸಕ್ಕರೆಯನ್ನು ಕತ್ತಲಲ್ಲಿ ಮುರಿದರೆ ಅಥವಾ ಚಾಕುವಿನಿಂದ ಕೆರೆದರೆ ಅದು ಮಿನುಗುತ್ತದೆ. ಯೋಜನೆಗಳ ಪ್ರಗತಿ ವರದಿಗಳನ್ನು ನಾನು ನೂರಾರು ಓದಿದ್ದೇನೆ. ಇಂಥ ಎರಡನೆಯ ಪಟ್ಟಿ ಅವುಗಳಲ್ಲಿ ಅಪರೂಪ.

ಆ ಮಿನುಗಿನ ಕಾರಣ ಬೇಕನ್‌ಗೆ ತಿಳಿಯುವಂತಿರಲಿಲ್ಲ. ಎಲೆಕ್ಟ್ರಾನ್ ಪತ್ತೆಯಾದದ್ದೇ 1897ರಲ್ಲಿ. ಸಕ್ಕರೆಯ ಹರಳು ಸೀಳಿದಾಗ ಎರಡು ಹೊಸ ಮುಖಗಳಲ್ಲಿ ವಿರುದ್ಧ ವಿದ್ಯುದಾವೇಶಗಳು ಉಳಿಯುತ್ತವೆ. ನಡುವಿನ ಗಾಳಿಯಲ್ಲಿ ಪುಟ್ಟ ಮಿಂಚು ಹರಿದು ಸಾರಜನಕ ಬೆಳಗುತ್ತದೆ. ನಿರ್ವಾತದಲ್ಲಿ ಘನವಸ್ತು ಮುರಿದರೆ ಎಲೆಕ್ಟ್ರಾನ್‌ಗಳೂ ಅಯಾನುಗಳೂ ಹೊರಚಿಮ್ಮುತ್ತವೆ. 1953ರಲ್ಲಿ ಸೋವಿಯತ್ ವಿಜ್ಞಾನಿ ದೆರ್ಯಾಗಿನ್ ಮತ್ತು ಸಂಗಡಿಗರು ಅಂಟುಪಟ್ಟಿ ಸುಲಿದಾಗಲೂ ಎಲೆಕ್ಟ್ರಾನ್‌ಗಳು ಹೊಮ್ಮುವುದನ್ನು ವರದಿ ಮಾಡಿದರು. 2008ರಲ್ಲಿ ಲಾಸ್ ಏಂಜಲೀಸ್‌ನ ಸಂಶೋಧಕರು ನಿರ್ವಾತದಲ್ಲಿ ಅಂಟುಪಟ್ಟಿ ಸುಲಿದು, ಬೆರಳಿನ ಮೂಳೆಯ ಚಿತ್ರ ತೆಗೆಯುವಷ್ಟು ಕ್ಷ-ಕಿರಣ ಪಡೆದರು.

ಗ್ರಂಥ ಹೊರಬಂದ ಕೆಲವೇ ತಿಂಗಳಲ್ಲಿ, 1621ರಲ್ಲಿ, ಬೇಕನ್ ಮೇಲೆ ಲಂಚದ ಆರೋಪ ಬಂತು. ವಿಚಿತ್ರವೆಂದರೆ, ಮೊದಲು ದೂರಿತ್ತವರು ಹಣ ಕೊಟ್ಟೂ ವ್ಯಾಜ್ಯ ಸೋತವರು! ಆತ ತಪ್ಪೊಪ್ಪಿಕೊಂಡ, ಆದರೆ ಕಾಣಿಕೆ ತನ್ನ ತೀರ್ಪನ್ನು ಬಾಗಿಸಲಿಲ್ಲವೆಂದು ನಂಬಿದ್ದ. 40,000 ಪೌಂಡ್ ದಂಡ, ಕೆಲವು ದಿನಗಳ ಸೆರೆವಾಸ, ಅಧಿಕಾರದಿಂದ ಶಾಶ್ವತ ಬಹಿಷ್ಕಾರ. ದಂಡವನ್ನು ದೊರೆ ವಸೂಲು ಮಾಡಲಿಲ್ಲ. ಉಳಿದ ಐದು ವರ್ಷ ಬರವಣಿಗೆಯಲ್ಲಿ ಕಳೆದು 1626ರಲ್ಲಿ ತೀರಿಕೊಂಡ.

ನಿಸರ್ಗದ ವಿಷಯದಲ್ಲಿ ತನ್ನ ಊಹೆಗೆ ಎದುರಾದ ಸಾಕ್ಷ್ಯವನ್ನು ಶ್ರದ್ಧೆಯಿಂದ ಬರೆದಿಟ್ಟವನು, ತನ್ನ ಪ್ರಾಮಾಣಿಕತೆಯ ವಿಷಯದಲ್ಲಿ ಅಂಥ ಪಟ್ಟಿ ಇಡಲಿಲ್ಲ. ಅಧಿಕಾರಸ್ಥಾನದಲ್ಲಿರುವವರು ಆತನಿಂದ ಕಲಿಯಬೇಕಾದದ್ದು ಈ ಎರಡನ್ನೂ.