ಕಿಡಿಯ ಜಾಡು ಹಿಡಿದ ಚಾರ್ಲ್ಸ್ ಕೆಟರಿಂಗ್

ನಗರವಾಸಿಗಳಾದ ನಾವು ದಿನವೂ ಸಾವಿರಾರು ಮೋಟಾರು ಕಾರುಗಳನ್ನು ಕಾಣುತ್ತೇವೆ. ಚಾಲಕನು ಕೀಲಿಕೈಯನ್ನು ತಿರುವುತ್ತಾನೆ, ಇಲ್ಲವೆ ಗುಂಡಿಯೊಂದನ್ನು ಒತ್ತುತ್ತಾನೆ. ಕ್ಷಣಮಾತ್ರದಲ್ಲಿ ಎಂಜಿನು ಚಾಲನೆಗೊಳ್ಳುತ್ತದೆ. ಎಂದಾದರೊಂದು ದಿನ ಕೀಲಿಕೈ ತಿರುವಿದರೂ ಕಾರು ಮೌನವಾಗಿ ನಿಂತಾಗ ಮಾತ್ರ, ಆ ಸಣ್ಣ ಸ್ವಿಚ್ಚಿನ ಹಿಂದೆ ಎಂತಹ ಏರ್ಪಾಡು ಇದೆಯೆಂಬುದು ನಮಗೆ ಅರಿವಾಗುತ್ತದೆ. ಈ ಏರ್ಪಾಡನ್ನು ಲೋಕಕ್ಕೆ ಕೊಟ್ಟವರಲ್ಲಿ ಅಗ್ರಗಣ್ಯನು ಚಾರ್ಲ್ಸ್ ಫ್ರಾಂಕ್ಲಿನ್ ಕೆಟರಿಂಗ್.

ಕೆಟರಿಂಗನು 1876ನೆಯ ಇಸವಿ ಆಗಸ್ಟ್ 29ರಂದು ಅಮೆರಿಕದ ಒಹಾಯೊ ಸಂಸ್ಥಾನದ ಲೌಡನ್‌ವಿಲ್ ಎಂಬ ಊರಿನ ಬಳಿ ರೈತ ಕುಟುಂಬದಲ್ಲಿ ಜನಿಸಿದನು. ಬಾಲ್ಯದಿಂದಲೂ ಅವನ ದೃಷ್ಟಿ ಮಂದವಾಗಿದ್ದಿತು. ಓದಲು ಕುಳಿತರೆ ತಲೆನೋವು ಬಾಧಿಸುತ್ತಿತ್ತು. ಕೆಲಕಾಲ ಶಾಲೆಯಲ್ಲಿ ಉಪಾಧ್ಯಾಯನಾಗಿದ್ದು, ಅನಂತರ ಒಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯವನ್ನು ಸೇರಿದನು. ಆದರೆ ಕಣ್ಣಿನ ತೊಂದರೆಯಿಂದ ವ್ಯಾಸಂಗವನ್ನು ನಡುವೆಯೇ ಬಿಡಬೇಕಾಯಿತು. ಅವನು ಎದೆಗುಂದಲಿಲ್ಲ. ದೂರವಾಣಿಯ ತಂತಿ ಎಳೆಯುವ ಕೆಲಸಗಾರರೊಡನೆ ದುಡಿದು, ವಿದ್ಯುತ್ತಿನ ವ್ಯವಹಾರವನ್ನು ಕೈಯಿಂದಲೇ ಕಲಿತನು. ಮರಳಿ ವಿದ್ಯಾಲಯಕ್ಕೆ ಬಂದು 1904ರಲ್ಲಿ ಎಂಜಿನಿಯರಿಂಗ್ ಪದವಿಯನ್ನು ಪಡೆದನು.

ಬಳಿಕ ಡೇಟನ್ ನಗರದಲ್ಲಿ ಅಂಗಡಿಗಳ ಹಣದ ಲೆಕ್ಕ ಇಡುವ ಯಂತ್ರಗಳನ್ನು ತಯಾರಿಸುವ ಕಂಪನಿಯೊಂದರಲ್ಲಿ ಅವನಿಗೆ ಕೆಲಸ ದೊರೆಯಿತು. ಆ ಯಂತ್ರವನ್ನು ಕೈಯಿಂದ ತಿರುಗಿಸುವ ಶ್ರಮವನ್ನು ತಪ್ಪಿಸಲು ಅವನು ಪುಟ್ಟ ವಿದ್ಯುತ್ ಮೋಟಾರನ್ನು ಅಳವಡಿಸಿದನು. ಯಂತ್ರವು ಕ್ಷಣಕಾಲ ತಿರುಗಿ ನಿಲ್ಲುವುದರಿಂದ, ದಿನವೆಲ್ಲ ಓಡಬಲ್ಲ ದೊಡ್ಡ ಮೋಟಾರು ಅಲ್ಲಿ ಬೇಕಿರಲಿಲ್ಲ. ಸಣ್ಣ ಮೋಟಾರೇ ಒಂದು ಕ್ಷಣ ಅತಿಭಾರವನ್ನು ಹೊತ್ತು ವಿಶ್ರಮಿಸಬಲ್ಲದು. ಈ ಸರಳ ತತ್ತ್ವವೇ ಮುಂದೆ ಅವನಿಗೆ ಕೀರ್ತಿಯನ್ನು ತಂದಿತು.

1909ರಲ್ಲಿ ಅವನು ಎಡ್ವರ್ಡ್ ಡೀಡ್ಸ್ ಎಂಬ ಮಿತ್ರನೊಡನೆ ಡೆಲ್ಕೊ ಸಂಸ್ಥೆಯನ್ನು ಸ್ಥಾಪಿಸಿದನು. ಡೀಡ್ಸನ ಮನೆಯ ಕೊಟ್ಟಿಗೆಯೇ ಅವರ ಮೊದಲ ಪ್ರಯೋಗಶಾಲೆ. ಕಾರಿನ ಎಂಜಿನಿಗೆ ನಂಬಿಕೆಯಿಡಬಹುದಾದ ಕಿಡಿಯನ್ನು ಒದಗಿಸುವ ಏರ್ಪಾಡು ಅಲ್ಲಿ ಸಿದ್ಧವಾಯಿತು. ಬ್ಯಾಟರಿಯ ವಿದ್ಯುತ್ತು ತಂತಿಯ ಸುರುಳಿಯೊಂದರಲ್ಲಿ ಹರಿಯುತ್ತದೆ. ತಕ್ಕ ಕ್ಷಣದಲ್ಲಿ ಆ ಪ್ರವಾಹವನ್ನು ಕಡಿದಾಗ, ಪಕ್ಕದ ಸುರುಳಿಯಲ್ಲಿ ಸಾವಿರಾರು ವೋಲ್ಟುಗಳ ಒತ್ತಡ ಹುಟ್ಟಿ ಕಿಡಿ ಹಾರುತ್ತದೆ. ಪೆಟ್ರೋಲಿನ ಆವಿ ಹೊತ್ತಿಕೊಳ್ಳುತ್ತದೆ.

ಆ ಕಾಲದಲ್ಲಿ ಎಂಜಿನನ್ನು ಮುಂದುಗಡೆಯ ಹಿಡಿಕೆಯಿಂದ ತಿರುಗಿಸಿ ಎಬ್ಬಿಸಬೇಕಾಗಿತ್ತು. ಹಿಡಿಕೆ ಕೆಲವೊಮ್ಮೆ ಹಿಂದಕ್ಕೆ ಒದೆದು ಕೈಯನ್ನೋ ದವಡೆಯನ್ನೋ ಮುರಿಯುತ್ತಿತ್ತು. ಕ್ಯಾಡಿಲ್ಯಾಕ್ ಕಂಪನಿಯ ಮುಖ್ಯಸ್ಥನಾದ ಹೆನ್ರಿ ಲೀಲಂಡನ ಗೆಳೆಯನೊಬ್ಬನು ಹೀಗೆ ಪೆಟ್ಟು ತಿಂದು ಮಡಿದನೆಂದೂ, ಅದರಿಂದ ನೊಂದ ಲೀಲಂಡನು ಕೆಟರಿಂಗನ ಮೊರೆಹೊಕ್ಕನೆಂದೂ ಹೇಳುತ್ತಾರೆ. ಲೆಕ್ಕದ ಯಂತ್ರದ ತತ್ತ್ವವನ್ನೇ ಕೆಟರಿಂಗನು ಇಲ್ಲಿಯೂ ಬಳಸಿದನು. 1911ರಲ್ಲಿ ಸ್ಟಾರ್ಟರ್ ಸಿದ್ಧವಾಯಿತು. 1912ರ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಅದು ಮಾರಾಟಕ್ಕೆ ಬಂದಿತು. ಎಂಜಿನನ್ನು ಎಬ್ಬಿಸಿದ ಯಂತ್ರವೇ ಬಳಿಕ ವಿದ್ಯುತ್ತನ್ನು ಉತ್ಪಾದಿಸಿ ಬ್ಯಾಟರಿಯನ್ನು ತುಂಬುತ್ತಿತ್ತು. ಸ್ಟಾರ್ಟರನ್ನೂ ಕಿಡಿಯನ್ನೂ ಒಂದೇ ಕೀಲಿಕೈಯಿಂದ ಆಳುವ ರೂಢಿ ಮುಂದೆ ಬಂದಿತು.

ಈ ಏರ್ಪಾಡಿನಲ್ಲಿ ದೋಷ ತೋರಿದಾಗ ಅದನ್ನು ಕಂಡುಹಿಡಿಯುವ ಬಗೆ ಹೇಗೆ? ಒಡನೆಯೇ ಸ್ವಿಚ್ಚನ್ನು ದೂರುವುದು ಸಲ್ಲದು. ವಿದ್ಯುತ್ತು ನಡೆಯುವ ದಾರಿಯಲ್ಲಿಯೇ ನಾವೂ ನಡೆಯಬೇಕು. ಬ್ಯಾಟರಿಯಲ್ಲಿ ಶಕ್ತಿಯಿದೆಯೆ, ಅದರ ತುದಿಗಳಲ್ಲಿ ಕಿಲುಬು ಹಿಡಿದಿದೆಯೆ, ಫ್ಯೂಸು ಸುಟ್ಟಿದೆಯೆ ಎಂಬುದನ್ನು ಮೊದಲು ನೋಡಬೇಕು. ಬಳಿಕ ಮೆಕ್ಯಾನಿಕ್ಕನು ಟೆಸ್ಟ್ ಲ್ಯಾಂಪಿನಿಂದ ಸ್ವಿಚ್ಚನ್ನು ಪರೀಕ್ಷಿಸುತ್ತಾನೆ. ಕೀಲಿಕೈ ತಿರುವಿದಾಗ ವಿದ್ಯುತ್ತು ಸ್ವಿಚ್ಚಿನೊಳಕ್ಕೆ ಬಂದು ಹೊರಕ್ಕೆ ಹೋಗದಿದ್ದರೆ ದೋಷ ಸ್ವಿಚ್ಚಿನದೇ. ಒಳಕ್ಕೇ ಬಾರದಿದ್ದರೆ ದೋಷ ಅದಕ್ಕೂ ಹಿಂದೆ ಇದೆ. ಎಂಜಿನು ಎದ್ದು, ಕೀಲಿಕೈಯನ್ನು ಬಿಟ್ಟೊಡನೆ ನಿಂತುಹೋದರೆ, ಸ್ವಿಚ್ಚಿನಲ್ಲಿ ಓಟಕ್ಕೆಂದು ಇರುವ ಸಂಪರ್ಕ ಸವೆದಿರಬಹುದೆಂದು ಶಂಕಿಸಬೇಕು.

ಕೆಟರಿಂಗನ ಬಾಳಿನಲ್ಲಿಯೂ ಇಂತಹ ಪರೀಕ್ಷೆಯೊಂದು ಒದಗಿತು. ಎಂಜಿನುಗಳಲ್ಲಿ ಬಡಿತದ ಸದ್ದು ಕೇಳಿಸಿದಾಗ, ಅವನ ಕಿಡಿಯ ಏರ್ಪಾಡೇ ಅದಕ್ಕೆ ಕಾರಣವೆಂದು ಜನ ದೂರಿದರು. ಅವನು ವಾದಕ್ಕೆ ಇಳಿಯದೆ, ಥಾಮಸ್ ಮಿಡ್ಗ್ಲಿ ಎಂಬ ಸಹಾಯಕನೊಡನೆ ಕಾರಣವನ್ನು ಅರಸಿದನು. ದೋಷವು ಕಿಡಿಯದಲ್ಲ, ಇಂಧನದ್ದು ಎಂಬುದು ಸಿದ್ಧವಾಯಿತು. 1921ರಲ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತವೊಂದನ್ನು ಬೆರೆಸಿದಾಗ ಬಡಿತ ಅಡಗಿತು. ಆದರೆ ಸೀಸವು ವಿಷ. 1924ರಲ್ಲಿ ಅದನ್ನು ತಯಾರಿಸುತ್ತಿದ್ದ ಹಲವು ಕಾರ್ಮಿಕರು ಮಡಿದರು. ಆದರೂ ಮಾರಾಟ ಮುಂದುವರಿಯಿತು. ಭಾರತದಲ್ಲಿ 2000ದಲ್ಲಿಯೂ, ಲೋಕದಲ್ಲೆಲ್ಲ 2021ರಲ್ಲಿಯೂ ಕಾರುಗಳ ಪೆಟ್ರೋಲಿನಿಂದ ಅದು ತೊಲಗಿತು. ರೋಗವನ್ನು ಸರಿಯಾಗಿ ಗುರುತಿಸಿದವರು ಮದ್ದಿನಲ್ಲಿ ತಪ್ಪಿದರೆಂದು ನಾವು ಒಪ್ಪಲೇಬೇಕು.

1920ರಿಂದ 1947ರವರೆಗೆ ಜನರಲ್ ಮೋಟಾರ್ಸ್ ಕಂಪನಿಯ ಸಂಶೋಧನೆಯನ್ನು ಮುನ್ನಡೆಸಿದ ಕೆಟರಿಂಗನು 1958ರ ನವೆಂಬರ್ 25ರಂದು ನಿಧನ ಹೊಂದಿದನು. ಕ್ಯಾನ್ಸರ್ ಸಂಶೋಧನೆಗಾಗಿ 1945ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪನೆಯಾದ ಸಂಸ್ಥೆಯು ಅವನ ಹೆಸರನ್ನೂ ಧರಿಸಿದೆ.

ಅವನು ತೀರಿಕೊಂಡ ಅರ್ಧ ಶತಮಾನದ ಬಳಿಕ, 2014ರಲ್ಲಿ, ಅದೇ ಕಂಪನಿಯು ಇಗ್ನಿಷನ್ ಸ್ವಿಚ್ಚಿನ ದೋಷಕ್ಕಾಗಿ ಸುಮಾರು 26 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಸ್ವಿಚ್ಚಿನ ಹಿಡಿತ ಸಡಿಲವಾಗಿದ್ದುದರಿಂದ, ಭಾರವಾದ ಕೀಲಿಗೊಂಚಲು ಜಗ್ಗಿದರೆ ಓಡುವ ಕಾರು ನಿಂತುಹೋಗುತ್ತಿತ್ತು. ಅಪಘಾತದಲ್ಲಿ ರಕ್ಷಿಸುವ ಗಾಳಿಚೀಲವೂ ಉಬ್ಬುತ್ತಿರಲಿಲ್ಲ. ಕಂಪನಿಯ ಪರಿಹಾರ ನಿಧಿಯು 124 ಮರಣಗಳನ್ನು ಮಾನ್ಯ ಮಾಡಿತು. ಕಂಪನಿಯೊಳಗೆ ಕೆಲವರಿಗೆ ಆ ದೋಷ ವರ್ಷಗಳ ಹಿಂದೆಯೇ ತಿಳಿದಿದ್ದಿತು.

ದೋಷವನ್ನು ಕಾಣಲು ಜಾಣ್ಮೆ ಬೇಕು. ಕಂಡುದನ್ನು ಹೇಳಲು ಧೈರ್ಯ ಬೇಕು. ಲೆಕ್ಕದಲ್ಲಿಯಾಗಲಿ ನಡತೆಯಲ್ಲಿಯಾಗಲಿ ನಮ್ಮ ತಪ್ಪಿನ ಮೂಲವನ್ನು ಅರಸುವಾಗ ಈ ಎರಡನ್ನೂ ಬಿಡದಿರೋಣ.