ಶಾಲೆಗಳಿಗೆ ಪ್ರಯೋಗವನ್ನು ತಂದುಕೊಟ್ಟ ರುಚಿರಾಮ್ ಸಾಹ್ನಿ

ಸಸ್ಯಗಳ ಪಳೆಯುಳಿಕೆಗಳನ್ನು ಅಭ್ಯಸಿಸಿದ ವಿಜ್ಞಾನಿ ಬೀರಬಲ್ ಸಾಹ್ನಿಯವರ ಹೆಸರನ್ನು ಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ಅವರ ತಂದೆ ರುಚಿರಾಮ್ ಸಾಹ್ನಿಯವರದು ಒಂದು ಕಾಲಕ್ಕೆ ಪಂಜಾಬಿನಲ್ಲಿ ಮನೆಮಾತಾದ ಹೆಸರು. ನಮ್ಮ ನಾಡಿನಲ್ಲಿ ಅದು ಅಷ್ಟಾಗಿ ಕೇಳಿಬಂದಿಲ್ಲ.

ಸಿಂಧೂ ನದಿಯ ತೀರದ ದೇರಾ ಇಸ್ಮಾಯಿಲ್ ಖಾನ್ ಎಂಬ ಊರಿನಲ್ಲಿ 1863ರ ಏಪ್ರಿಲ್ 5ರಂದು ಜನಿಸಿದ ರುಚಿರಾಮರು ವ್ಯಾಪಾರಸ್ಥರ ಮನೆಯವರು. ತಂದೆಯ ವ್ಯಾಪಾರ ಕುಸಿದುದರಿಂದ ಬಾಲ್ಯದಲ್ಲಿಯೇ ಬಡತನವನ್ನು ಕಂಡರು. ಕಷ್ಟದಿಂದಲೇ ಓದಿ ಲಾಹೋರಿನಲ್ಲಿ ಪದವಿ ಪಡೆದು, 1885ರಲ್ಲಿ ಹವಾಮಾನ ಇಲಾಖೆಯನ್ನು ಸೇರಿದರು. ಕೆಲವೇ ವರ್ಷಗಳಲ್ಲಿ ಆ ಹುದ್ದೆಯನ್ನು ಬಿಟ್ಟು, ತಾವು ಓದಿದ ಲಾಹೋರಿನ ಸರ್ಕಾರಿ ಕಾಲೇಜಿಗೆ ವಿಜ್ಞಾನದ ಅಧ್ಯಾಪಕರಾಗಿ ಮರಳಿದರು. ಮೇಲಿನ ಹುದ್ದೆಗಳು ಬಹುಪಾಲು ಆಂಗ್ಲರಿಗೇ ಮೀಸಲಾಗಿದ್ದ ಕಾಲವದು.

ಪ್ರಾಧ್ಯಾಪಕ ಓಮನ್ ಅವರೊಡಗೂಡಿ ಪಂಜಾಬ್ ವಿಜ್ಞಾನ ಸಂಸ್ಥೆಯನ್ನು ಕಟ್ಟಿ, ಊರೂರಿಗೆ ಹೋಗಿ ಜನರ ಭಾಷೆಯಲ್ಲಿಯೇ ಉಪನ್ಯಾಸ ನೀಡತೊಡಗಿದರು. ಸಾಬೂನಿನ ತಯಾರಿಕೆ, ಲಾಹೋರಿನ ಜನ ಹಿಂದೆ ಕುಡಿಯುತ್ತಿದ್ದ ನೀರು, ಮಕ್ಕಳ ಆಟಿಕೆಗಳು ಕಲಿಸುವ ಪಾಠ, ತಂತಿ ಮಾತನಾಡುವ ಬಗೆ, ಇಂಥವು ಅವರ ವಿಷಯಗಳು. ಮಾತಿನೊಡನೆ ಪ್ರಯೋಗವೂ ಇರಲೇಬೇಕೆಂಬುದು ಅವರ ನಿಯಮವಾಗಿತ್ತು. ಅಂಗಡಿಕಾರರೂ ಕಸುಬುದಾರರೂ ಅಲ್ಪ ಶುಲ್ಕ ತೆತ್ತು ಬಂದು ಕೇಳುತ್ತಿದ್ದರು.

ಆದರೆ ಶಾಲೆಗಳ ಸ್ಥಿತಿ ಬೇರೆಯೇ ಆಗಿತ್ತು. ವಿಜ್ಞಾನದ ಉಪಕರಣಗಳೆಲ್ಲ ಇಂಗ್ಲೆಂಡಿನಿಂದ ಹಡಗಿನಲ್ಲಿ ಬರಬೇಕು. ಬೆಲೆ ದುಬಾರಿ, ಬಂದ ಮೇಲೆ ಒಂದು ತಿರುಪು ಕಳಚಿದರೂ ಸರಿಪಡಿಸುವವರಿಲ್ಲ. ಮುರಿದರೆ ತಮ್ಮ ತಲೆಗೆ ಬರುತ್ತದೆಂದು ಉಪಾಧ್ಯಾಯರು ಅವುಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರೆ ಅವರನ್ನು ದೂರುವಂತಿಲ್ಲ. (ಈ ಕಪಾಟುಗಳು ನಮ್ಮ ಶಾಲೆಗಳಲ್ಲಿ ಇಂದಿಗೂ ಅಪರೂಪವಲ್ಲ.) ಮಕ್ಕಳು ಗಾಳಿಯ ಒತ್ತಡವನ್ನೂ ವಿದ್ಯುತ್ತನ್ನೂ ಪುಸ್ತಕದಿಂದ ಬಾಯಿಪಾಠ ಮಾಡುತ್ತಿದ್ದರು.

ಹಣ ಕೊಡಿರೆಂದು ಸರ್ಕಾರಕ್ಕೆ ಬರೆಯುವುದು ಎಲ್ಲರಿಗೂ ತಿಳಿದ ದಾರಿ. ರುಚಿರಾಮರು ಕಂಡ ಕೊರತೆ ಹಣದ್ದು ಮಾತ್ರವಲ್ಲ, ಕೈಯದು. ತಿದ್ದಬಲ್ಲ, ಮಾಡಬಲ್ಲ ಕೈ ಪಂಜಾಬಿನಲ್ಲಿಯೇ ಇರಬೇಕು. 1888ರ ಸುಮಾರಿಗೆ ಅವರು ಒಂದು ಕಾರ್ಯಾಗಾರವನ್ನು ತೆರೆದರು. ಅಲ್ಲಾ ಬಕ್ಷ್ ಎಂಬ ನುರಿತ ಮಿಸ್ತ್ರಿ ಅವರ ಜೊತೆಗಾರರಾದರು. ಒಬ್ಬರಿಗೆ ಶಾಸ್ತ್ರ ಗೊತ್ತು, ಇನ್ನೊಬ್ಬರಿಗೆ ಲೋಹ ಗೊತ್ತು. ಕೆಟ್ಟುಹೋದ ಉಪಕರಣಗಳ ದುರಸ್ತಿಯೊಡನೆ ಹೊಸ ಉಪಕರಣಗಳ ತಯಾರಿಕೆಯೂ ನಡೆಯಿತು. ಲಾಭದ ಆಸೆಯಿಲ್ಲದೆ, ತಗುಲಿದ ವೆಚ್ಚಕ್ಕೇ ಶಾಲೆಗಳಿಗೆ ಒದಗಿಸುವುದು ಅವರ ಸಂಕಲ್ಪ. 1893ರಲ್ಲಿ ಪುಣೆಯ ಕೈಗಾರಿಕಾ ಸಮ್ಮೇಳನದಲ್ಲಿ ಲಾಹೋರಿನ ಈ ಉಪಕರಣಗಳು ಪ್ರದರ್ಶನಗೊಂಡವು. ಕಾಲೇಜಿನ ಪ್ರಾಧ್ಯಾಪಕನೊಬ್ಬ ಮಿಸ್ತ್ರಿಯೊಡನೆ ಸರಿಸಮನಾಗಿ ದುಡಿಯುವುದು ಅಂದಿನ ಓದಿದವರ ಸಮಾಜದಲ್ಲಿ ಸಣ್ಣ ಮಾತಲ್ಲ. ಕಾಯಕದ ಬೆಲೆ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಐವತ್ತು ದಾಟಿದ ಮೇಲೆ, 1914ರಲ್ಲಿ, ವಿಕಿರಣಶೀಲತೆಯನ್ನು ಅಭ್ಯಸಿಸಲು ಜರ್ಮನಿಗೆ ಹೋದರು. ಮಹಾಯುದ್ಧ ಆರಂಭವಾದುದರಿಂದ ಅಲ್ಲಿಂದ ಇಂಗ್ಲೆಂಡಿಗೆ ಬಂದು, ಮ್ಯಾಂಚೆಸ್ಟರಿನಲ್ಲಿ ರುದರ್‌ಫೋರ್ಡರ ಪ್ರಯೋಗಾಲಯದಲ್ಲಿ ಕೆಲಸ ಮಾಡಿ ಸಂಶೋಧನಾ ಲೇಖನಗಳನ್ನೂ ಪ್ರಕಟಿಸಿದರು. ಹಿರಿಮೆಯ ವಿಷಯವೇ ಸರಿ, ಆದರೆ ನನ್ನ ಎಣಿಕೆಯಲ್ಲಿ ಆ ಕಾರ್ಯಾಗಾರವೇ ಇದಕ್ಕಿಂತ ಮಿಗಿಲು.

1918ರಲ್ಲಿ ಕಾಲೇಜಿನಿಂದ ನಿವೃತ್ತರಾದ ಮೇಲೆ ಸಾರ್ವಜನಿಕ ಜೀವನದಲ್ಲಿ ತೊಡಗಿದರು. ಇಳಿವಯಸ್ಸಿನಲ್ಲಿ ಬರೆದಿಟ್ಟ ಆತ್ಮಕಥನದಿಂದಲೇ ಕಾರ್ಯಾಗಾರದ ಸಂಗತಿಗಳು ಬಹುಮಟ್ಟಿಗೆ ನಮಗೆ ತಿಳಿದುಬಂದಿವೆ. ದೇಶ ವಿಭಜನೆಯಾಗಿ ಲಾಹೋರ್ ಗಡಿಯಾಚೆಗೆ ಉಳಿದ ಮರುವರ್ಷ, 1948ರ ಜೂನ್ 3ರಂದು ಮುಂಬಯಿಯಲ್ಲಿ ಅವರು ಕಾಲವಶರಾದರು.