ಸೆವೆರೊ ಓಚೊವಾ

ಸೆವೆರೊ ಓಚೊವಾ (24 ಸೆಪ್ಟೆಂಬರ್ 1905 – 1 ನವೆಂಬರ್ 1993) ಸ್ಪೇನ್‌ನಲ್ಲಿ ಜನಿಸಿ ಅಮೆರಿಕದ ಪೌರತ್ವ ಪಡೆದ ವೈದ್ಯ ಹಾಗೂ ಜೀವರಸಾಯನ ವಿಜ್ಞಾನಿ. ಆರ್‌ಎನ್‌ಎಯನ್ನು ಜೀವಕೋಶದ ಹೊರಗೆ ಪ್ರನಾಳದಲ್ಲಿ ಸಂಶ್ಲೇಷಿಸಿದ ಕಾರ್ಯಕ್ಕಾಗಿ ಅವರಿಗೆ 1959ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು. ಡಿಎನ್‌ಎ ಸಂಶ್ಲೇಷಣೆಗಾಗಿ ಆರ್ಥರ್ ಕಾರ್ನ್‌ಬರ್ಗ್ ಅದೇ ಪ್ರಶಸ್ತಿಯನ್ನು ಹಂಚಿಕೊಂಡರು. ಓಚೊವಾ ಬಳಸಿದ ಕಿಣ್ವದ ಮುಖ್ಯ ಕಾರ್ಯವು ಆರ್‌ಎನ್‌ಎಯ ರಚನೆಯಲ್ಲ, ಅದರ ವಿಘಟನೆ ಎಂಬುದು ಅನಂತರ ತಿಳಿದುಬಂದಿತು.

ಬಾಲ್ಯ ಮತ್ತು ಶಿಕ್ಷಣ

ಓಚೊವಾ ಉತ್ತರ ಸ್ಪೇನ್‌ನ ಅಸ್ತೂರಿಯಾಸ್ ಪ್ರಾಂತ್ಯದ ಲುವಾರ್ಕಾ ಎಂಬ ಊರಿನಲ್ಲಿ ಜನಿಸಿದರು. ತಂದೆ ವಕೀಲರು. ಓಚೊವಾ ಏಳು ವರ್ಷದವರಿದ್ದಾಗ ತಂದೆ ತೀರಿಕೊಂಡರು. ಕುಟುಂಬವು ದಕ್ಷಿಣದ ಮಾಲಗಾ ನಗರಕ್ಕೆ ಹೋಗಿ ನೆಲೆಸಿತು. ನರವಿಜ್ಞಾನಿ ಸಾಂತಿಯಾಗೊ ರಾಮೋನ್ ಇ ಕಹಾಲ್ ಅವರ ಕೃತಿಗಳಿಂದ ಪ್ರಭಾವಿತರಾಗಿ ಮ್ಯಾಡ್ರಿಡ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ವ್ಯಾಸಂಗಕ್ಕೆ ಸೇರಿದರು. ಆದರೆ ಆ ವೇಳೆಗೆ ಕಹಾಲ್ ನಿವೃತ್ತರಾಗಿದ್ದರು. 1929ರಲ್ಲಿ ಪದವಿ ಪಡೆದ ನಂತರ ಜರ್ಮನಿಯಲ್ಲಿ ಓಟ್ಟೊ ಮೈಯರ್‌ಹೋಫ್ ಅವರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದರು. 1931ರಲ್ಲಿ ಕಾರ್ಮೆನ್ ಗಾರ್ಸಿಯಾ ಕೊಬಿಯಾನ್ ಅವರನ್ನು ವಿವಾಹವಾದರು.

ವಲಸೆ ಮತ್ತು ವೃತ್ತಿ

1936ರಲ್ಲಿ ಸ್ಪೇನ್‌ನಲ್ಲಿ ಅಂತರ್ಯುದ್ಧ ಆರಂಭವಾದಾಗ ಓಚೊವಾ ದಂಪತಿಗಳು ದೇಶವನ್ನು ತೊರೆದರು. ಹೈಡೆಲ್‌ಬರ್ಗ್, ಪ್ಲಿಮತ್ ಮತ್ತು ಆಕ್ಸ್‌ಫರ್ಡ್‌ಗಳಲ್ಲಿ ಸಂಶೋಧನೆ ನಡೆಸಿದ ಓಚೊವಾ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕಕ್ಕೆ ತೆರಳಿ ಸೇಂಟ್ ಲೂಯಿಸ್‌ನಲ್ಲಿ ಕಾರ್ಲ್ ಮತ್ತು ಗರ್ಟಿ ಕೋರಿ ದಂಪತಿಗಳೊಡನೆ ಕೆಲಸ ಮಾಡಿದರು. 1942ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯವನ್ನು ಸೇರಿದರು. 1956ರಲ್ಲಿ ಅಮೆರಿಕದ ಪೌರರಾದರು.

ಸಂಶೋಧನೆ

1955ರಲ್ಲಿ ಓಚೊವಾ ಅವರ ಪ್ರಯೋಗಾಲಯದಲ್ಲಿ ಮರಿಯಾನ್ ಗ್ರುನ್‌ಬರ್ಗ್-ಮನಾಗೊ ಅವರು ಅಜೋಟೋಬ್ಯಾಕ್ಟರ್ ಎಂಬ ಮಣ್ಣಿನ ಬ್ಯಾಕ್ಟೀರಿಯದಲ್ಲಿ ಪಾಲಿನ್ಯೂಕ್ಲಿಯೊಟೈಡ್ ಫಾಸ್ಫೊರೈಲೇಸ್ ಕಿಣ್ವವನ್ನು ಕಂಡುಹಿಡಿದರು. ನ್ಯೂಕ್ಲಿಯೊಸೈಡ್ ಡೈಫಾಸ್ಫೇಟ್‌ಗಳನ್ನು ಒದಗಿಸಿದಾಗ ಈ ಕಿಣ್ವವು ಅವುಗಳನ್ನು ಜೋಡಿಸಿ ಆರ್‌ಎನ್‌ಎ ಸರಪಳಿಯನ್ನು ನಿರ್ಮಿಸುತ್ತಿತ್ತು. ಆದರೆ ಅದಕ್ಕೆ ಡಿಎನ್‌ಎ ಅಚ್ಚಿನ ಅಗತ್ಯವಿರಲಿಲ್ಲ. ಆದ್ದರಿಂದ ಅದು ಆನುವಂಶಿಕ ಮಾಹಿತಿಯನ್ನು ನಕಲು ಮಾಡುವ ಕಿಣ್ವವಾಗಿರಲು ಸಾಧ್ಯವಿರಲಿಲ್ಲ. ಜೀವಕೋಶದೊಳಗೆ ಇದೇ ಕ್ರಿಯೆ ಮುಖ್ಯವಾಗಿ ವಿರುದ್ಧ ದಿಕ್ಕಿನಲ್ಲಿ ನಡೆಯುತ್ತದೆ: ಕಿಣ್ವವು ಫಾಸ್ಫೇಟನ್ನು ಬಳಸಿ ಆರ್‌ಎನ್‌ಎಯನ್ನು ಒಂದು ತುದಿಯಿಂದ ಬಿಡಿಸುತ್ತಾ ಹೋಗುತ್ತದೆ. ಗ್ರುನ್‌ಬರ್ಗ್-ಮನಾಗೊ ಅವರಿಗೆ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಗಲಿಲ್ಲ.

ಅಪೇಕ್ಷಿತ ಘಟಕಗಳುಳ್ಳ ಕೃತಕ ಆರ್‌ಎನ್‌ಎಗಳನ್ನು ಈ ಕಿಣ್ವದಿಂದ ತಯಾರಿಸಬಹುದಾಗಿತ್ತು. ಹೀಗಾಗಿ ಆನುವಂಶಿಕ ಸಂಕೇತವನ್ನು ಬಿಡಿಸಲು ಅದು ಉಪಯುಕ್ತ ಸಾಧನವಾಯಿತು. 1961ರಲ್ಲಿ ಮಾರ್ಷಲ್ ನಿರೆನ್‌ಬರ್ಗ್ ಮತ್ತು ಹೈನ್ರಿಕ್ ಮಥಾಯ್ ಮೊದಲ ಸಂಕೇತವನ್ನು ಗುರುತಿಸಿದ ಬಳಿಕ ಓಚೊವಾ ಅವರ ತಂಡವೂ ಈ ಕಾರ್ಯದಲ್ಲಿ ತೊಡಗಿ ಅನೇಕ ಸಂಕೇತಗಳನ್ನು ಅರ್ಥೈಸಲು ನೆರವಾಯಿತು.

ಆರ್‌ಎನ್‌ಎ ವಿಘಟನೆಯ ಅಧ್ಯಯನದಲ್ಲಿ ಸ್ಥಾನ

ಪಾಲಿನ್ಯೂಕ್ಲಿಯೊಟೈಡ್ ಫಾಸ್ಫೊರೈಲೇಸ್‌ನ ಮೂರು ಪ್ರತಿಗಳು ಸೇರಿ ನಡುವೆ ರಂಧ್ರವಿರುವ ಉಂಗುರವಾಗುತ್ತವೆ. ಮಾನವನಲ್ಲಿ ಈ ಕಿಣ್ವವು ಮುಖ್ಯವಾಗಿ ಮೈಟೊಕಾಂಡ್ರಿಯದಲ್ಲಿದ್ದು, ಎಸ್‌ಯುವಿ3 ಎಂಬ ಪ್ರೋಟೀನ್‌ನೊಂದಿಗೆ ಸಂಕೀರ್ಣವಾಗಿ ಆರ್‌ಎನ್‌ಎಯನ್ನು ವಿಘಟಿಸುತ್ತದೆ. ಆರ್‌ಎನ್‌ಎ ಎಕ್ಸೋಸೋಮ್ ಎಂಬ ಇನ್ನೊಂದು ಮಾನವ ಸಂಕೀರ್ಣದ ಸ್ಫಟಿಕ ರಚನೆ 2006ರಲ್ಲಿ ಪ್ರಕಟವಾದಾಗ, ಅದರ ತಿರುಳಿನಲ್ಲಿಯೂ ಇಂತಹುದೇ ವಿನ್ಯಾಸ ಕಂಡುಬಂದಿತು: ಆರು ಪ್ರೋಟೀನ್‌ಗಳ ಉಂಗುರ, ಅದರ ಮೇಲೆ ಮೂರು ಪ್ರೋಟೀನ್‌ಗಳ ಮುಚ್ಚಳ. ಆದರೆ ಮಾನವನ ಈ ಉಂಗುರವು ಆರ್‌ಎನ್‌ಎಯನ್ನು ತಾನೇ ಕತ್ತರಿಸುವ ಸಾಮರ್ಥ್ಯವನ್ನು ಕಳೆದುಕೊಂಡಿದೆ. ಆ ಕೆಲಸವನ್ನು ಅದಕ್ಕೆ ಅಂಟಿಕೊಂಡ ಡಿಐಎಸ್3ನಂತಹ ಕಿಣ್ವಗಳು ಮಾಡುತ್ತವೆ.

ಕೊನೆಯ ವರ್ಷಗಳು

1974ರಲ್ಲಿ ಓಚೊವಾ ನ್ಯೂಜೆರ್ಸಿಯ ರೋಷ್ ಅಣುಜೀವವಿಜ್ಞಾನ ಸಂಸ್ಥೆಯನ್ನು ಸೇರಿದರು. 1985ರಲ್ಲಿ ಸ್ಪೇನ್‌ಗೆ ಮರಳಿದರು. ಮರುವರ್ಷ ಪತ್ನಿ ಕಾರ್ಮೆನ್ ನಿಧನರಾದರು. 1993ರ ನವೆಂಬರ್ 1ರಂದು ಓಚೊವಾ ಮ್ಯಾಡ್ರಿಡ್‌ನಲ್ಲಿ ನಿಧನ ಹೊಂದಿದರು. ಆ ನಗರದ ಅಣುಜೀವವಿಜ್ಞಾನ ಕೇಂದ್ರವೊಂದು ಅವರ ಹೆಸರನ್ನು ಹೊತ್ತಿದೆ.